ಅಮ್ಮನೊಡನೆ ಚೀನಾ ಪ್ರವಾಸ: ಮಹಾಗೋಡೆಯ ಯಾವ ಭಾಗ ಸೂಕ್ತ?

ತೀರ್ಥಹಳ್ಳಿಯಿಂದ ಪ್ರಶ್ನೆ:
ಅಡಿಕೆ ಕೊಯ್ಲು ಶುರುವಾಗುವ ಮೊದಲು, ಸೆಪ್ಟೆಂಬರ್ ಕೊನೆಯಲ್ಲಿ, ಅಮ್ಮನೊಡನೆ ಹತ್ತು ದಿನ ಚೀನಾಕ್ಕೆ ಹೋಗುವ ಯೋಚನೆಯಿದೆ. ಕವಲೇದುರ್ಗವನ್ನು ನಿಧಾನವಾಗಿ ಹತ್ತಬಲ್ಲ ಅವರಿಗೆ ಮಹಾಗೋಡೆಯ ಯಾವ ಭಾಗ ಸೂಕ್ತ? ನಮ್ಮೂರಿನಂಥ ಗುಡ್ಡಗಾಡನ್ನೂ ನೋಡಬೇಕೆಂಬುದು ಅವರ ಆಸೆ.

ಸಾಗರದಿಂದ ಉತ್ತರ:
ಬೀಜಿಂಗ್‌ನಿಂದ ಸುಮಾರು 70 ಕಿಲೋಮೀಟರ್ ದೂರದ ಮುಟಿಯನ್ಯು ಭಾಗಕ್ಕೆ ಹೋಗಿ. ಅಲ್ಲಿ ಮೇಲೆ ತಲುಪಲು ಕೇಬಲ್ ಕಾರ್ ಇದೆಯಾದರೂ ಗೋಡೆಯ ಮೇಲಿನ ಮೆಟ್ಟಿಲುಗಳು ಒಂದೇ ಎತ್ತರದವಲ್ಲ, ಆದ್ದರಿಂದ ಅಮ್ಮನವರ ಕೈಗೆ ಊರುಗೋಲು ಕೊಡಿ. ಬೀಜಿಂಗ್‌ನಲ್ಲಿ 1420ರಲ್ಲಿ ಪೂರ್ಣಗೊಂಡ ಅರಮನೆ ಸಂಕೀರ್ಣವಾದ ಫರ್ಬಿಡನ್ ಸಿಟಿಗೆ (ನಿಷೇಧಿತ ನಗರ) ಪಾಸ್‌ಪೋರ್ಟ್ ವಿವರ ನೀಡಿ ಮುಂಗಡ ಟಿಕೆಟ್ ಪಡೆಯಬೇಕು. ಸಾಮಾನ್ಯವಾಗಿ ಸೋಮವಾರ ರಜೆ.

ಹೊಸನಗರದಿಂದ ಉತ್ತರ:
ಗುಡ್ಡಗಾಡಿಗೆ ದಕ್ಷಿಣ ಚೀನಾದ ಗುಯಿಲಿನ್ ಕಡೆಗೇ ಹೋಗಿ ಎಂದು ಒತ್ತಾಯಿಸುತ್ತೇನೆ. ಅಲ್ಲಿಂದ ಯಾಂಗ್‌ಶುವೊವರೆಗೆ ಲಿ ನದಿಯಲ್ಲಿ ದೋಣಿಯಲ್ಲಿ ಸಾಗುವಾಗ ಎರಡೂ ದಡಗಳಲ್ಲಿ ಏಳುವ ಸುಣ್ಣಕಲ್ಲಿನ ಬೆಟ್ಟಗಳ ನೋಟವೇ 20 ಯುವಾನ್ ನೋಟಿನ ಹಿಂಬದಿಯಲ್ಲಿ ಅಚ್ಚಾಗಿದೆ. ಗುಯಿಲಿನ್ ಕಡೆಯದೇ ಆದ ಲಾಂಗ್‌ಜಿಯ ಮೆಟ್ಟಿಲು ಗದ್ದೆಗಳಲ್ಲಿ ಜುವಾಂಗ್ ಮತ್ತು ಯಾವೊ ಜನಾಂಗದ ರೈತರು ಬೆಟ್ಟವನ್ನೇ ಕಡಿದು, ಮೇಲಿನ ಕಾಡಿನ ನೀರನ್ನು ಗದ್ದೆಯಿಂದ ಗದ್ದೆಗೆ ಇಳಿಸುತ್ತಾ ಬಂದಿದ್ದಾರೆ. ಬದುವಿನ ಬೆಲೆ ಬಲ್ಲ ನಮ್ಮವರಿಗೆ ಆ ಶ್ರಮ ತಟ್ಟನೆ ಅರ್ಥವಾಗುತ್ತದೆ. ಸೆಪ್ಟೆಂಬರ್ ಕೊನೆಗೆ ತೆನೆ ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ.

ಶಿವಮೊಗ್ಗದಿಂದ ಉತ್ತರ:
ಅಕ್ಟೋಬರ್ 1ರಿಂದ ಅಲ್ಲಿ ರಾಷ್ಟ್ರೀಯ ದಿನದ ದೀರ್ಘ ರಜೆ ಇರುವುದರಿಂದ ರೈಲು, ವಸತಿ ಎಲ್ಲವೂ ತುಂಬಿರುತ್ತವೆ. ದಯವಿಟ್ಟು ಅದಕ್ಕೂ ಮೊದಲೇ ಹಿಂದಿರುಗುವಂತೆ ದಿನಾಂಕ ಹೊಂದಿಸಿಕೊಳ್ಳಿ. ಸಸ್ಯಾಹಾರಿಗಳಾಗಿದ್ದರೆ ಬೌದ್ಧ ದೇಗುಲಗಳ ಸಮೀಪದ ಊಟದ ಮನೆಗಳನ್ನು ವಿಚಾರಿಸಿ.