ಬ್ಯಾಜ್ ಇಲ್ಲದ ಹಳೆಯ ಸ್ನೇರ್ ಡ್ರಮ್: ಇದು ಯಾವ ದೇಶದ್ದು?

ಪ್ರಶ್ನೆ

ವ್ಯಾಸ 14 ಇಂಚು, ಆಳ ಸುಮಾರು 5.5 ಇಂಚು, ಎಂಟು ಲಗ್ (ಬಿಗಿಸುವ ರಾಡ್ ಕೂರುವ ಲೋಹದ ತುಂಡು). ಮರದ ಶೆಲ್ (ಡ್ರಮ್‌ನ ದುಂಡು ಮೈ) ತೆಳುವಾಗಿದೆ, ಒಳಗೆ ಮೇಲೂ ಕೆಳಗೂ ಮರದ ಬಳೆ ಅಂಟಿಸಿದ್ದಾರೆ. ಹೊರಗೆ ಕೆಂಪು ಮಿನುಗಿನ ಹೊದಿಕೆ. ಬ್ಯಾಜ್ ಹೋಗಿದೆ, ಎರಡು ಮೊಳೆತೂತು ಮಾತ್ರ ಉಳಿದಿವೆ. ಸ್ಟ್ರೇನರ್ (ಕೆಳಗಿನ ಸ್ನೇರ್ ತಂತಿಗಳನ್ನು ಬಿಗಿಸುವ ಸಾಧನ) ಮೇಲೆ ಅಮೆರಿಕದ ಲಡ್ವಿಗ್ ಕಂಪನಿಯ ಹೆಸರಿದೆ. ಆದರೆ ಲಡ್ವಿಗ್‌ಗೆ ಹೊಂದುವ ಹೊಸ ಟೆನ್ಶನ್ ರಾಡ್ (ಡ್ರಮ್ ಬಿಗಿಸುವ ಉದ್ದ ತಿರುಪು) ಹಾಕಿದರೆ ಸಲೀಸಾಗಿ ಒಳಗೆ ಹೋಗಿ ಅಲ್ಲಾಡುತ್ತದೆ, ಬಿಗಿ ಮಾಡಿದರೆ ಜಾರುತ್ತದೆ. ಲಗ್ ಸವೆದಿದೆಯೇ?

ಉತ್ತರ 1

ಬಿಗಿ ಮಾಡುವುದನ್ನು ಈಗಲೇ ನಿಲ್ಲಿಸಿ. ಲಗ್ ಸವೆದಿರಲಿಕ್ಕಿಲ್ಲ, ಥ್ರೆಡ್ಡೇ (ತಿರುಪಿನ ಸುತ್ತುಗಳ ಅಳತೆಯೇ) ಬೇರೆ ಇರಬೇಕು. ಎಂಟೂ ಲಗ್‌ಗಳಲ್ಲಿ ಒಂದೇ ರೀತಿ ಅಲ್ಲಾಡಿದರೆ ಅದು ಬಹುತೇಕ ಖಚಿತ.

ಅಮೆರಿಕದ ರಾಡ್ 12-24: ದಪ್ಪ ಸುಮಾರು 5.5 ಮಿ.ಮೀ., ಇಂಚಿಗೆ 24 ಸುತ್ತು. ಮೆಟ್ರಿಕ್ ಎಂ6 ರಾಡ್ 6 ಮಿ.ಮೀ. ದಪ್ಪ, ಒಂದೊಂದು ಸುತ್ತಿನ ಅಂತರ 1 ಮಿ.ಮೀ. ಒಂದೆರಡು ಸುತ್ತಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಡ್ರಮ್‌ನಲ್ಲಿದ್ದ ಹಳೆಯ ರಾಡ್ ತೆಗೆದು 20 ಸುತ್ತಿನ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. 12-24 ಆದರೆ 21.2 ಮಿ.ಮೀ., ಎಂ6 ಆದರೆ ಸರಿಯಾಗಿ 20. ಹಳೆಯ ರಾಡನ್ನೂ ಯಾರೋ ಬದಲಿಸಿರಬಹುದು, ಹಾಗಾಗಿ ಒಂದು ಎಂ6 ಬೋಲ್ಟನ್ನು ಲಗ್‌ಗೆ ಬೆರಳಲ್ಲೇ ತಿರುಗಿಸಿ ನೋಡಿ. ಕೊನೆಯವರೆಗೆ ಅಲ್ಲಾಡದೆ ಹೋಗಬೇಕು, ಎಲ್ಲಿಯೂ ಬಲ ಬೇಡ.

ಸ್ಟ್ರೇನರ್ ನಂಬಬೇಡಿ. ಹಳೆಯ ಸ್ನೇರ್‌ಗಳಲ್ಲಿ ಮೊದಲು ಹಾಳಾಗುವುದು, ಮೊದಲು ಬದಲಾಗುವುದು ಅದೇ. ಒಳಗಿನಿಂದ ನೋಡಿ: ಅದರ ಸುತ್ತ ಬಳಕೆಯಲ್ಲಿಲ್ಲದ ತೂತುಗಳಿದ್ದರೆ ಮೂಲದ್ದು ಬೇರೆ.

ಉತ್ತರ 2

ಮರವನ್ನೂ ನೋಡಿ. ಒಳಗೆ ಬಣ್ಣ ಬಳಿಯದ ಜಾಗವಿದ್ದರೆ ಅಲ್ಲಿ ಟಾರ್ಚನ್ನು ಅಡ್ಡ ಹಿಡಿಯಿರಿ. ಕೆಂಪು ಛಾಯೆ, ಗೀರಿದ ಹಾಗೆ ಉದ್ದುದ್ದ ರಂಧ್ರಗಳು ಕಂಡರೆ ಅದು ಲೌವಾನ್ ಎಂಬ ಆಗ್ನೇಯ ಏಷ್ಯಾದ ಮರ. 1960ರ ದಶಕದಲ್ಲಿ ಜಪಾನಿನಿಂದ ನಾನಾ ಅಂಗಡಿಗಳ ಹೆಸರಲ್ಲಿ ಹೊರಹೋದ ಡ್ರಮ್‌ಗಳ ಗುರುತು ಅದು. ಅವುಗಳ ಲಗ್‌ಗಳು ಅಮೆರಿಕದ ಲಗ್‌ಗಳ ನಕಲು, ನೋಟಕ್ಕೆ ಮೋಸ ಹೋಗುವುದು ಸುಲಭ. ತಿಳಿ ಕಂದು ಮೈಮೇಲೆ ಎಳ್ಳು ಚೆಲ್ಲಿದಂತೆ ಗಿಡ್ಡ ಗೆರೆಗಳಿದ್ದರೆ ಬೀಚ್ ಮರ, ಅದು ಯುರೋಪಿನ ಕಡೆ ಬೆರಳು ತೋರಿಸುತ್ತದೆ.

ಬ್ಯಾಜ್ ಇದ್ದ ಜಾಗವನ್ನು ಪಾಲಿಶ್ ಮಾಡಬೇಡಿ. ಬಿಸಿಲು ತಾಗದ ಹೊದಿಕೆಯಲ್ಲಿ ಬ್ಯಾಜ್‌ನ ಆಕಾರ ಗಾಢವಾಗಿ ಉಳಿದಿರುತ್ತದೆ.

ಪ್ರಶ್ನೆ ಕೇಳಿದವರು

20 ಸುತ್ತಿಗೆ 20.0 ಮಿ.ಮೀ. ಎಂ6 ಬೋಲ್ಟ್ ಎಂಟೂ ಲಗ್‌ಗಳಲ್ಲಿ ಸರಾಗ. ಸ್ಟ್ರೇನರ್ ಹಿಂದೆ ಮೂರು ಖಾಲಿ ತೂತುಗಳಿವೆ. ಮರದಲ್ಲಿ ಗಿಡ್ಡ ಗೆರೆಗಳು. ಬ್ಯಾಜ್‌ನ ಗುರುತು ದುಂಡಗಿದೆ.

ಉತ್ತರ 1

ಹಾಗಾದರೆ ಲಡ್ವಿಗ್ ಅಲ್ಲವೇ ಅಲ್ಲ. ಎಂ6, ಬೀಚ್, ದುಂಡು ಬ್ಯಾಜ್ ಸೇರಿದರೆ ಮೊದಲು ಹೋಲಿಸಬೇಕಾದದ್ದು ಜರ್ಮನಿಯ ಸೋನರ್ ಕಂಪನಿಯ ಡ್ರಮ್. ಆದರೆ ಈ ಮೂರರಿಂದಲೇ ಹೆಸರು ಬರೆಯಬೇಡಿ. 1875ರಲ್ಲಿ ವೈಸೆನ್‌ಫೆಲ್ಸ್‌ನಲ್ಲಿ ಶುರುವಾದ ಸೋನರ್ ಎರಡನೇ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಗೆ ಹೋಯಿತು. ಹಳೆಯ ಊರಿನಲ್ಲೇ ಪೂರ್ವ ಜರ್ಮನಿಯ ಟ್ರೋವಾ ಡ್ರಮ್‌ಗಳು ತಯಾರಾದವು. ಎರಡಕ್ಕೂ ಬೇರು ಒಂದೇ.

ಶೆಲ್‌ನ ಒಳಗೆ, ಹೂಪ್‌ನ (ಅಂಚಿನ ಬಳೆಯ) ಅಡಿಯಲ್ಲಿ ಮುದ್ರೆ ಹುಡುಕಿ. ‘ವೆಸ್ಟರ್ನ್ ಜರ್ಮನಿ’ ಎಂದಿದ್ದರೆ 1949ರಿಂದ 1990ರೊಳಗಿನದು, ಪಶ್ಚಿಮದ್ದು. ‘ಜಿಡಿಆರ್’ ಅಥವಾ ‘ಡಿಡಿಆರ್’ ಎಂದಿದ್ದರೆ ಪೂರ್ವದ್ದು. ಜೊತೆಗೆ ಖಾಲಿ ತೂತುಗಳ ನಡುವಿನ ಅಂತರವನ್ನು ಮಿ.ಮೀ.ನಲ್ಲಿ ಅಳೆದು ಹಾಕಿ. ಮೂಲ ಸ್ಟ್ರೇನರ್ ಯಾವುದೆಂದು ಹೇಳಬಲ್ಲದ್ದು ಅದೊಂದೇ, ಆದ್ದರಿಂದ ಆ ತೂತುಗಳನ್ನು ಮುಚ್ಚಬೇಡಿ, ಹೊಸದು ಕೊರೆಯಲೂ ಬೇಡಿ.