ತೋಟೆ ಎಲ್ಲಿ ಸಿಗುತ್ತೆ, ಯಾಕಿಷ್ಟು ರೇಟು? ಡೀಲರ್ ಅಣ್ಣನಿಗೆ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. 12 ಬೋರಿನ ಕೋವಿಯ ತೋಟೆ (ಕಾರ್ಟ್ರಿಜ್) ಸಿಗುತ್ತಿಲ್ಲ, ಸಿಕ್ಕರೂ ರೇಟು ಕೇಳಿದರೆ ತಲೆ ತಿರುಗುತ್ತೆ ಅಂತ ದಿನಾ ಮೆಸೇಜ್ ಬರುತ್ತಿವೆ. ಲೈಸೆನ್ಸ್ ಇರುವ ಡೀಲರ್ ಒಬ್ಬರು ನಮ್ಮ ಗುಂಪಿನಲ್ಲೇ ಇದ್ದಾರೆ. ಕೋವಿ ರಿಪೇರಿಯೂ ಅವರ ಕಸುಬು. ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಪ್ರಶ್ನೆ ಮಾತ್ರ ಹಾಕಿ. ಫಾರ್ವರ್ಡ್ ಬೇಡ. ಶಿಕಾರಿ ಫೋಟೋ ಹಾಕಿದವರನ್ನು ಕೇಳದೆ ತೆಗೆಯುತ್ತೇನೆ.

ಮೂಡಿಗೆರೆ ಕಾಫಿ: ನಮಸ್ಕಾರ ಅಣ್ಣ. ಎಲ್‌ಜಿ, ಅದೇ ದಪ್ಪ ಚರೆಯ ತೋಟೆ, ಬಂದಿದೆಯಾ?

ಡೀಲರ್: ನಮಸ್ಕಾರ. ಇನ್ನೂ ಇಲ್ಲ. ಬಂದರೆ ಇಲ್ಲೇ ಹಾಕುತ್ತೇನೆ.

ಕೊಪ್ಪ ಅಡಿಕೆ: ಸರ್, ನಂದು ಬೆಳೆ ರಕ್ಷಣೆ ಲೈಸೆನ್ಸ್. ಮೂರು ಅಂಗಡಿ ಸುತ್ತಿದೆ. ಒಬ್ಬರ ಹತ್ತಿರ ಇಲ್ಲ, ಇನ್ನೊಬ್ಬರು ಹೇಳಿದ ರೇಟಿಗೆ ಎರಡು ತೋಟೆ ಬಿಟ್ಟರೆ ಒಂದು ಕೆಜಿ ಕೋಳಿ ಬರುತ್ತೆ. ಯಾಕೆ ಹೀಗೆ? ಅಂಗಡಿಯವರೇ ಬಚ್ಚಿಡುತ್ತಾರಾ?

ಡೀಲರ್: ಬಚ್ಚಿಡೋಕೆ ಜಾಗ ಎಲ್ಲಿದೆ ಸರ್. ನನ್ನ ಲೈಸೆನ್ಸಿನಲ್ಲೂ ಇಷ್ಟೇ ಸ್ಟಾಕ್ ಅಂತ ಮಿತಿ ಇದೆ. ಬಂದಿದ್ದು, ಹೋಗಿದ್ದು ಎಲ್ಲ ರಿಜಿಸ್ಟರಿನಲ್ಲಿ ಇರುತ್ತದೆ.

ನಾವು ಮಾರುವ ತೋಟೆ ಹೆಚ್ಚಾಗಿ ಬರುವುದು ಪುಣೆಯ ಖಡ್ಕಿಯ ಸರ್ಕಾರಿ ಮದ್ದುಗುಂಡು ಕಾರ್ಖಾನೆಯಿಂದ. 1869ರದ್ದು ಅದು. ಶಕ್ತಿಮಾನ್ ಅಂತ ಡಬ್ಬಿ ಮೇಲೆ ಇರುತ್ತಲ್ಲ, ಅವರದ್ದೇ. 2021ರ ಅಕ್ಟೋಬರಿನಲ್ಲಿ ಇಂಥ ಕಾರ್ಖಾನೆ ನಡೆಸುತ್ತಿದ್ದ ಆರ್ಡ್‌ನೆನ್ಸ್ ಬೋರ್ಡನ್ನು ಏಳು ಕಂಪನಿ ಮಾಡಿದರು. ಈಗ ಖಡ್ಕಿ ಮ್ಯುನಿಷನ್ಸ್ ಇಂಡಿಯಾದ ಕೆಳಗಿದೆ. ಅಲ್ಲಿ ಸೇನೆಯ ಕೆಲಸ ಮೊದಲು, ನಮ್ಮ ಹಂದಿ ಕಾಯುವ ತೋಟೆ ಆಮೇಲೆ. ಹೊರದೇಶದ್ದು ತರಿಸೋಣ ಅಂದರೆ ಆಮದಿಗೆ ಕಟ್ಟುನಿಟ್ಟು. ತೋಟೆಯೊಳಗಿನ ಮದ್ದು ಮಾಡುವುದು ಹತ್ತಿ ಬೀಜಕ್ಕೆ ಅಂಟಿದ ಸಣ್ಣ ಎಳೆಯಿಂದ. ಫಿರಂಗಿಗೂ ಅದೇ ಜಾತಿ ಮದ್ದು ಬೇಕು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅದಕ್ಕೆ ಪ್ರಪಂಚವೆಲ್ಲ ಕಿತ್ತಾಟ. ಇದರ ಮೇಲೆ ನಮ್ಮವರ ಅಭ್ಯಾಸ ಬೇರೆ. ಚುನಾವಣೆ ಮುಗಿದು, ಠಾಣೆಯಲ್ಲಿ ಠೇವಣಿ ಇಟ್ಟ ಕೋವಿ ವಾಪಸ್ ಬಂದ ವಾರವೇ ಎಲ್ಲರೂ ಒಟ್ಟಿಗೆ ಅಂಗಡಿಗೆ ಬರುತ್ತಾರೆ. ಕೊಡಗಿನ ಕೈಲ್ ಮುಹೂರ್ತ ಹಬ್ಬಕ್ಕೆ ಮುಂಚೆ ಇನ್ನೊಂದು ಸಲ.

ವಿರಾಜಪೇಟೆ ಮೆಣಸು: ಎಲ್‌ಜಿ ಇದೆಯಾ ಅಣ್ಣ?

ಡೀಲರ್: ಮೇಲೆ ಹೇಳಿದ್ದೇನೆ.

ಸಕಲೇಶಪುರ ಎಸ್ಟೇಟ್: ನನ್ನದು ಸ್ವಲ್ಪ ಬೇರೆ ಸಮಸ್ಯೆ ಸರ್. ಅಜ್ಜನ ಕಾಲದ ಇಂಗ್ಲಿಷ್ ಜೋಡು ನಳಿಗೆ ಕೋವಿ ಇದೆ. ಲೈಸೆನ್ಸ್ ನನ್ನ ಹೆಸರಿಗೆ ಆಗಿದೆ. ಯಾವಾಗಲೂ 65 ಎಂಎಂ ತೋಟೆ ತರುತ್ತಿದ್ದೆವು. ಈಗ ಎಲ್ಲಿ ಕೇಳಿದರೂ 70 ಮಾತ್ರ ಇದೆ ಅನ್ನುತ್ತಾರೆ. ಹಾಕಿ ನೋಡಿದೆ, ಸರಿಯಾಗಿ ಕೂರುತ್ತೆ, ಕೋವಿಯೂ ಮುಚ್ಚುತ್ತೆ. ಹೊಡೆದಿಲ್ಲ ಇನ್ನೂ. ಹೊಡೆಯಬಹುದಾ?

ಡೀಲರ್: ಹೊಡೆಯಬೇಡಿ. ಮೊದಲು ಅದನ್ನು ಹೊರಗೆ ತೆಗೆದಿಡಿ, ಆಮೇಲೆ ಮುಂದೆ ಓದಿ.

ಕೂರುತ್ತೆ ಅನ್ನುವುದೇ ಇದರ ಮೋಸ. ಡಬ್ಬಿ ಮೇಲಿನ 65, 70 ಅನ್ನುವುದು ಈಡು ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಸ ತೋಟೆಯ ಬಾಯಿ ಮಡಚಿರುತ್ತದೆ, ಅದಕ್ಕೇ ಗಿಡ್ಡ. ಹಾಗಾಗಿ 70ರ ತೋಟೆ 65ರ ಚೇಂಬರಿಗೆ, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗಕ್ಕೆ, ಸಲೀಸಾಗಿ ಇಳಿಯುತ್ತೆ. ಹೊಡೆದಾಗ ಮಡಿಕೆ ಮುಂದಕ್ಕೆ ಬಿಚ್ಚಬೇಕು. ಮುಂದೆ ಜಾಗ ಇಲ್ಲ. ಚೇಂಬರ್ ಮುಗಿದ ಕಡೆಯಿಂದ ನಳಿಗೆ ಕಿರಿದಾಗುತ್ತಾ ಹೋಗುತ್ತದೆ. ತೋಟೆಯ ಬಾಯಿ ಅಲ್ಲಿ ಸಿಕ್ಕಿಕೊಳ್ಳುತ್ತೆ. ಚರೆ (ಸೀಸದ ಕಾಳು), ಅದರ ಹಿಂದಿನ ಬಿರಡೆ ಎರಡೂ ಆ ಸಂದಿನಲ್ಲೇ ನುಗ್ಗಬೇಕು. ಒಳಗಿನ ಒತ್ತಡ ಏರುತ್ತೆ. ಮೇಲಾಗಿ 70ರ ತೋಟೆಯಲ್ಲಿ ಸಾಮಾನ್ಯವಾಗಿ ಮದ್ದು, ಚರೆಯ ಭಾರವೂ ಜಾಸ್ತಿ. ಅದು ಗಟ್ಟಿ ಕೋವಿಗಳಿಗೆ ಅಂತ ಮಾಡಿದ್ದು.

ಮೊದಲ ಈಡಿಗೆ ಏನೂ ಆಗದೆ ಇರಬಹುದು. ಹೆಗಲಿಗೆ ಜೋರಾಗಿ ಒದೆಯುತ್ತೆ ಅಷ್ಟೆ. ಜನ ಅಲ್ಲೇ ಧೈರ್ಯ ತಂದುಕೊಳ್ಳುತ್ತಾರೆ. ಆಮೇಲೆ ನಿಧಾನಕ್ಕೆ ಕೀಲು ಸಡಿಲ ಆಗುತ್ತೆ, ನಳಿಗೆ ಉಬ್ಬುತ್ತೆ. ಸಿಡಿದರೆ ಚೇಂಬರಿನ ಮುಂದೆ ಸಿಡಿಯುತ್ತೆ. ನಿಮ್ಮ ಎಡಗೈ ಇರುವುದು ಅಲ್ಲೇ.

ಈಗ ಒಂದು ಕೆಲಸ ಮಾಡಿ. ಕೋವಿ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಮುಂದಿನ ಕಟ್ಟಿಗೆ ಬಿಚ್ಚಿ ನಳಿಗೆ ಕಳಚಿ. ಬುಡದಲ್ಲಿ, ಕೆಳಗೆ, ಚಪ್ಪಟೆ ಜಾಗ ಇದೆ. ಅಲ್ಲಿ ಸಣ್ಣ ಸಣ್ಣ ಮುದ್ರೆ ಇರುತ್ತವೆ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆ ಮಾಡಿ ಹೊಡೆದದ್ದು. 'ನೈಟ್ರೋ ಪ್ರೂಫ್' ಅಂತ ಇದ್ದರೆ ಈಗಿನ ಮದ್ದಿಗೆ ಪರೀಕ್ಷೆ ಆಗಿದೆ ಅಂತ ಅರ್ಥ. 1925ರ ನಂತರದ ಕೋವಿಯಾದರೆ ಚೇಂಬರಿನ ಉದ್ದವೂ ಇರುತ್ತದೆ. ಎರಡೂವರೆ ಇಂಚು ಅಂದರೆ 65, ಎರಡು ಮುಕ್ಕಾಲು ಅಂದರೆ 70. ನಳಿಗೆಯ ಮೇಲೆ ಸುರುಳಿ ಸುರುಳಿ ಗೆರೆ ಕಂಡರೆ ಅದನ್ನೂ ತಿಳಿಸಿ. ಅದು ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ. ಫೋಟೋ ಇಲ್ಲಿ ಹಾಕಬೇಡಿ, ಕೋವಿ ನಂಬರ್ ಎಲ್ಲರಿಗೂ ಕಾಣುತ್ತೆ. ಓದಿ ಬರೆಯಿರಿ.

ಹಾಸನ ಶುಂಠಿ: ಸಕಲೇಶಪುರದವರೇ, ಸುಲಭ ಉಪಾಯ ಇದೆ. ಬೇರೆ ಗುಂಪಿನಲ್ಲಿ ಬಂದಿತ್ತು. 70ರ ತೋಟೆಯ ಬಾಯಿಯನ್ನು ಬ್ಲೇಡಿನಿಂದ ಕತ್ತರಿಸಿ 65 ಮಾಡಿಕೊಳ್ಳಬಹುದು. ಇಲ್ಲ ಅಂದರೆ ಲೇತ್‌ನವರ ಹತ್ತಿರ ಚೇಂಬರ್ ಸ್ವಲ್ಪ ಕೊರೆಸಿದರೆ ಆಯಿತು.

ಡೀಲರ್: ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲೇ ಹೇಳಿದ್ದಾರೆ. ಕತ್ತರಿಸಿದರೆ ಒಳಗಿನ ಮದ್ದು ಕಡಿಮೆ ಆಗುತ್ತಾ? ಕೊರೆದರೆ ನಳಿಗೆಯ ಗೋಡೆ ತೆಳು ಆಗುತ್ತೆ, ಎಲ್ಲಿ ಗಟ್ಟಿ ಬೇಕೋ ಅಲ್ಲೇ. ಲೈಸೆನ್ಸ್ ಇಲ್ಲದ ಲೇತ್‌ನವನು ಕೋವಿ ಮುಟ್ಟುವುದೇ ಅಪರಾಧ. ಇದನ್ನು ಬರೆದವನ ಬೆರಳು ಎಷ್ಟು ಉಳಿದಿವೆ ಕೇಳಿ ನೋಡಿ.

ಹಾಸನ ಶುಂಠಿ: ಸುಮ್ನೆ ಮಾಹಿತಿ ಹಂಚಿದೆ ಸರ್. ಇಷ್ಟು ಸಿಟ್ಟು ಯಾಕೆ.

ತೀರ್ಥಹಳ್ಳಿ: ಮಳೆಗಾಲದಲ್ಲಿ ತೋಟೆ ಊದಿಕೊಂಡಿವೆ, ನಳಿಗೆಗೆ ಇಳಿಯುತ್ತಿಲ್ಲ. ಹೊಸದು ಸಿಗುವುದಿಲ್ಲ, ಹಾಗಾಗಿ ಎಸೆಯೋಕೆ ಮನಸ್ಸಿಲ್ಲ. ಒಲೆ ಮೇಲಿನ ಅಟ್ಟದಲ್ಲಿ ಇಟ್ಟರೆ ಸರಿಹೋಗುತ್ತೆ ಅಂತಾರೆ. ಕೊಬ್ಬರಿ ಎಣ್ಣೆ ಸವರಿದರೂ ಆಗುತ್ತೆ ಅಂತ ಒಂದು ವಿಡಿಯೋ ಇತ್ತು.

ಡೀಲರ್: ಒಲೆ ಮೇಲೆ ಮದ್ದು ಇಡುವ ಯೋಚನೆ ಯಾರಿಗೆ ಬಂತು ಮಾರಾಯ್ರೇ. ಬೇಡ. ಎಣ್ಣೆಯೂ ಬೇಡ, ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿನ ಸಂದಿಯಿಂದ ಒಳಗೆ ಇಳಿದು ಕೇಪನ್ನೇ ಕೆಡಿಸುತ್ತೆ. ಊದಿದ್ದು, ಹಿತ್ತಾಳೆ ಬುಡ ಹಸಿರುಗಟ್ಟಿದ್ದು, ಎರಡನ್ನೂ ಬಳಸಬೇಡಿ. ಕಸಕ್ಕೂ ಬಾವಿಗೂ ಹಾಕಬೇಡಿ, ಡೀಲರ್ ಹತ್ತಿರವೋ ಠಾಣೆಗೋ ಒಯ್ದು ಕೇಳಿ. ಹೊಡೆದಾಗ ಸಿಡಿಯಲಿಲ್ಲ ಅಂದರೆ ತಕ್ಷಣ ಕೋವಿ ತೆರೆಯಬೇಡಿ. ಬಾಯಿ ಖಾಲಿ ಕಡೆ ತಿರುಗಿಸಿ ಅರ್ಧ ನಿಮಿಷ ಹಾಗೇ ಹಿಡಿದಿರಿ. ಕೆಲವು ತಡವಾಗಿ ಹೊತ್ತುತ್ತವೆ.

ಸೋಮವಾರಪೇಟೆ: ನನ್ನ ಭಾವನ ಹತ್ತಿರ ಜಾಸ್ತಿ ಇದೆ. ಹತ್ತು ತೋಟೆ ಸಾಲ ಕೊಡುತ್ತೇನೆ ಅಂದಿದ್ದಾರೆ. ಇಬ್ಬರಿಗೂ ಲೈಸೆನ್ಸ್ ಇದೆ. ತೊಂದರೆ ಇಲ್ಲ ಅಲ್ವಾ?

ಡೀಲರ್: ಇದೆ. ಮೊದಲೇ ಡಿಸಿ ಕಚೇರಿಗೋ ಠಾಣೆಗೋ ಬರೆದು ತಿಳಿಸದೆ ತೋಟೆ ಕೈ ಬದಲಿಸುವ ಹಾಗಿಲ್ಲ. ಭಾವ ಆದರೂ ಅಷ್ಟೆ.

ಚಿಕ್ಕಮಗಳೂರು ಏಲಕ್ಕಿ: ನನ್ನ ಹತ್ತಿರ 20 ಬೋರಿನ ತೋಟೆ ಇದೆ, ಕೋವಿ 12. ಕಾಗದ ಸುತ್ತಿದರೆ ಸರಿ ಕೂರುತ್ತೆ ಅಂತ ಒಬ್ಬರು

ಡೀಲರ್: ಬೇಡ ಬೇಡ ಬೇಡ. 20ರ ತೋಟೆ ಸಪೂರ, 12ರ ನಳಿಗೆಯಲ್ಲಿ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತೆ. ಹಿಂದಿನಿಂದ ನೋಡಿದರೆ ಖಾಲಿ ಕಾಣುತ್ತೆ. ಅದರ ಹಿಂದೆ 12ರದ್ದು ತುಂಬಿ ಹೊಡೆದರೆ ನಳಿಗೆ ಚೂರು ಚೂರು. 20ರ ತೋಟೆಗೆ ಹಳದಿ ಬಣ್ಣ ಕೊಡುವುದೇ ಇದಕ್ಕೆ. ಎರಡನ್ನೂ ಒಂದೇ ಚೀಲದಲ್ಲಿ, ಒಂದೇ ಜೇಬಿನಲ್ಲಿ ಇಡಲೇಬೇಡಿ. ಅಂದ ಹಾಗೆ, 12ರ ಲೈಸೆನ್ಸ್ ಇರುವವರ ಮನೆಗೆ 20ರ ತೋಟೆ ಹೇಗೆ ಬಂತು? ಉತ್ತರ ಇಲ್ಲಿ ಬರೆಯಬೇಡಿ.

ವಿರಾಜಪೇಟೆ ಮೆಣಸು: ಅರ್ಜೆಂಟ್. ಪುತ್ತರಿಗೆ ಮುಂಚೆ ಸ್ಟಾಕ್ ಬರುತ್ತಾ? ಯಾವ ನಂಬರ್ ಆದರೂ ಪರವಾಗಿಲ್ಲ.

ಬಾಳೆಹೊನ್ನೂರು: ಇಲ್ಲಿ ನಾವು ಹಂದಿ ಕಾಟಕ್ಕೆ ಒಂದು ತೋಟೆ ಸಿಗದೆ ಒದ್ದಾಡುತ್ತಿದ್ದೇವೆ. ಕೊಡಗಿನವರು ಹಬ್ಬಕ್ಕೆ ಆಕಾಶಕ್ಕೆ ಹೊಡೆಯೋಕೆ ಕೇಳುತ್ತಾರೆ. ನಿಮಗೆ ಲೈಸೆನ್ಸೇ ಬೇಡ, ಎಷ್ಟು ಬೇಕಾದರೂ ತಗೊಳ್ಳಿ.

ವಿರಾಜಪೇಟೆ ಮೆಣಸು: ಎಷ್ಟು ಬೇಕಾದರೂ ಅಂತ ಯಾರು ಹೇಳಿದ್ದು ನಿಮಗೆ? ವಿನಾಯಿತಿ ಪತ್ರ ತೋರಿಸಿಯೇ ಕೊಳ್ಳಬೇಕು. ಕೊಡವರಿಗೆ, ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೇಂದ್ರ ಸರ್ಕಾರ ಕೊಟ್ಟ ವಿನಾಯಿತಿ ಅದು. 2019ರಲ್ಲಿ ಮತ್ತೆ ಹತ್ತು ವರ್ಷ ಕೊಟ್ಟರು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿದಿದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಇದು ನಮ್ಮ ಪದ್ಧತಿ, ಮೋಜಲ್ಲ.

ಬಾಳೆಹೊನ್ನೂರು: ಪದ್ಧತಿ ಇರಲಿ ಗೌರವ ಇದೆ. ತೆಂಗಿನಕಾಯಿಗೆ ಹೊಡೆಯುವ ಸ್ಪರ್ಧೆಯೂ ಪದ್ಧತಿಯಾ? ಅಲ್ಲಿ ಎಷ್ಟು ತೋಟೆ ಹೋಗುತ್ತೆ ಲೆಕ್ಕ ಹಾಕಿ.

ವಿರಾಜಪೇಟೆ ಮೆಣಸು: ನಿಮ್ಮ ಕಡೆ ಬೆಳೆ ರಕ್ಷಣೆ ಅಂತ ಲೈಸೆನ್ಸ್ ತಗೊಂಡು ರಾತ್ರಿ ಜೀಪಿನಲ್ಲಿ ಏನು ರಕ್ಷಣೆ ಮಾಡುತ್ತೀರಿ ಅಂತ ನಮಗೂ ಗೊತ್ತು.

ಕೊಪ್ಪ ಅಡಿಕೆ: ಎಲ್ಲರನ್ನೂ ಸೇರಿಸಿ ಮಾತಾಡಬೇಡಿ.

ಹಾಸನ ಶುಂಠಿ: ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಪುತ್ತರಿಗೂ ಇದು ಅನ್ವಯ ಆಗುತ್ತಾ ಡೀಲರ್ ಸರ್?

ಮಡಿಕೇರಿ ಹೋಂಸ್ಟೇ: ಶುಂಠಿಯವರು ಬ್ಲೇಡ್ ಬಿಟ್ಟು ಕಾನೂನಿಗೆ ಬಂದರು.

ಅಡ್ಮಿನ್: ದಯವಿಟ್ಟು ಪ್ರಶ್ನೆ ಮಾತ್ರ.

ಮೂಡಿಗೆರೆ ಕಾಫಿ: ಫೇಸ್‌ಬುಕ್ಕಿನಲ್ಲಿ ಒಂದು ಜಾಹೀರಾತು ಬಂದಿದೆ. ಅರ್ಧ ರೇಟಿಗೆ ತೋಟೆ, ಕೊರಿಯರ್ ಮಾಡುತ್ತಾರಂತೆ. ಮುಂಗಡ ಕೇಳಿದ್ದಾರೆ.

ಡೀಲರ್: ಮೋಸ. ನಿಜವಾಗಿ ಬಂದರೆ ಇನ್ನೂ ಕಷ್ಟ. ತೋಟೆ ಕೊರಿಯರಿನಲ್ಲಿ ಬರುವ ವಸ್ತು ಅಲ್ಲ. ಲೈಸೆನ್ಸ್ ಪುಸ್ತಕ ಹಿಡಿದು ಅಂಗಡಿಗೆ ಬರಬೇಕು, ಅದರಲ್ಲಿ ಎಂಟ್ರಿ ಆಗಬೇಕು. ಯುಐಎನ್ (ಲೈಸೆನ್ಸುದಾರರಿಗೆ ಸರ್ಕಾರ ಕೊಡುವ ಗುರುತಿನ) ನಂಬರ್ ಇಲ್ಲದ ಲೈಸೆನ್ಸಿಗೂ ಕೊಡುವುದಿಲ್ಲ.

ಶನಿವಾರಸಂತೆ: ಮುಂದಿನ ತಿಂಗಳಿಂದ ವರ್ಷಕ್ಕೆ ಹತ್ತೇ ತೋಟೆ ಅಂತ ಹೊಸ ರೂಲ್ಸ್ ಬಂದಿದೆಯಂತೆ. ಈಗಲೇ ತುಂಬಿಸಿಕೊಳ್ಳಿ ಅಂತ ಮೆಸೇಜ್. ನಿಜವಾ?

ಡೀಲರ್: ಆದೇಶದ ನಂಬರ್ ಇದೆಯಾ? ದಿನಾಂಕ? ಯಾರ ಸಹಿ? ಇಂಥ ಮೆಸೇಜಿಗೇ ಜನ ನುಗ್ಗಿ ಇದ್ದದ್ದೂ ಖಾಲಿ ಆಗುವುದು, ಆಮೇಲೆ ರೇಟು ಏರಿತು ಅಂತ ನನ್ನನ್ನೇ ಬೈಯುವುದು. ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು, ಎರಡೂ ನಿಮ್ಮ ಲೈಸೆನ್ಸಿನಲ್ಲೇ ಬರೆದಿದೆ. ತೆಗೆದು ಓದಿ.

ಕಳಸ: ಎಲ್‌ಜಿ ಇಲ್ಲ ಅಂದರೆ ಹಂದಿಗೆ 4 ನಂಬರ್ ಚರೆ ಆಗುತ್ತಾ?

ಡೀಲರ್: ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿ ಇದೆಯಾ? ಇಲ್ಲದಿದ್ದರೆ ಈ ಪ್ರಶ್ನೆಯೇ ಬೇಡ. ಇದ್ದರೂ ಸಣ್ಣ ಚರೆಗೆ ಹಂದಿ ಸಾಯುವುದಿಲ್ಲ, ಗಾಯ ಆಗುತ್ತೆ. ಗಾಯದ ಹಂದಿ ಮರುದಿನ ಕಾಫಿ ಕೊಯ್ಯಲು ಬಂದ ಹೆಣ್ಣುಮಕ್ಕಳ ಮೇಲೆ ಬೀಳುತ್ತೆ. ಓಡಿಸಲು ಶಬ್ದ ಸಾಕು.

ಸುಳ್ಯ ರಬ್ಬರ್: ಎಲ್‌ಜಿ ಬಂತಾ ಸರ್?

ಡೀಲರ್: ಇಲ್ಲ.

ಕುಶಾಲನಗರ: ನನ್ನ ಹೆಸರಿಗೆ ಎರಡು ಕೋವಿ ಇದೆ. ಅಪ್ಪ ತೀರಿಕೊಂಡರು, ಅವರದ್ದೂ ನನಗೆ ಬರಬೇಕು.

ಡೀಲರ್: 2019ರ ಡಿಸೆಂಬರಿನಿಂದ ಒಬ್ಬರಿಗೆ ಎರಡೇ. ವಂಶಪಾರಂಪರ್ಯವಾಗಿ ಬಂದರೂ ಎರಡೇ. ಸದ್ಯಕ್ಕೆ ಠಾಣೆಯಲ್ಲಿ ಅಥವಾ ಡೀಲರ್ ಹತ್ತಿರ ಠೇವಣಿ ಇಟ್ಟು ರಸೀದಿ ತಗೊಳ್ಳಿ. ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಬಾಳೆಹೊನ್ನೂರು: ಡೀಲರ್ ಸರ್, ರೇಟ್ ಯಾವಾಗ ಇಳಿಯುತ್ತೆ ಅಂತ ಯಾರೂ ಕೇಳುತ್ತಿಲ್ಲ. ನಾನು ಕೇಳುತ್ತಿದ್ದೇನೆ.

ವಿರಾಜಪೇಟೆ ಮೆಣಸು: ಹಬ್ಬ ಮುಗಿದ ಮೇಲೆ ಇಳಿಯುತ್ತೆ, ನಿಮ್ಮ ಪ್ರಕಾರ.

ಬಾಳೆಹೊನ್ನೂರು: ನಿಮ್ಮನ್ನು ಕೇಳಿಲ್ಲ.

ಸಕಲೇಶಪುರ ಎಸ್ಟೇಟ್: ಸರ್, ನಳಿಗೆ ಕಳಚಿ ನೋಡಿದೆ. ಭೂತಗನ್ನಡಿ ಬೇಕಾಯಿತು. 'ನೈಟ್ರೋ' ಅಂತ ಎಲ್ಲೂ ಇಲ್ಲ. ಎಡ ನಳಿಗೆಯ ಬುಡದಲ್ಲಿ 'ನಾಟ್ ಫಾರ್ ಬಾಲ್' ಅಂತ ಇದೆ. ತುಕ್ಕು ಒರೆಸಿದ ಕಡೆ ಸುರುಳಿ ಗೆರೆಯೂ ಕಾಣುತ್ತೆ.

ಡೀಲರ್: ಒಳ್ಳೆಯದಾಯಿತು ನೋಡಿದಿರಿ. 'ನಾಟ್ ಫಾರ್ ಬಾಲ್' ಮುದ್ರೆ 1875ರಿಂದ 1887ರ ಒಳಗಿನದು. ಬಾಯಿ ಕಿರಿದು ಮಾಡಿದ ನಳಿಗೆ, ಒಂಟಿ ಗುಂಡು ಹಾಕಬೇಡಿ ಅಂತ ಎಚ್ಚರಿಕೆ. ಅದು ಕರಿಮದ್ದಿನ ಕಾಲ. ಆ ನಳಿಗೆಯನ್ನು ಪರೀಕ್ಷೆ ಮಾಡಿದ್ದೂ ಕರಿಮದ್ದಿಗೆ. ಹಾಗಾಗಿ ನಿಮ್ಮ ವಿಷಯದಲ್ಲಿ 65, 70 ಲೆಕ್ಕ ಮುಗಿಯಿತು. ಈಗ ಅಂಗಡಿಯಲ್ಲಿ ಸಿಗುವ ಯಾವ ತೋಟೆಯೂ ಅದಕ್ಕೆ ಅಲ್ಲ.

ಸಕಲೇಶಪುರ ಎಸ್ಟೇಟ್: ಅಜ್ಜ, ಅಪ್ಪ ಇಬ್ಬರೂ ಇದರಲ್ಲೇ ಹೊಡೆದವರು ಸರ್. ಶಕ್ತಿಮಾನೇ ಹಾಕುತ್ತಿದ್ದರು.

ಡೀಲರ್: ಇಷ್ಟು ದಿನ ತಡೆದಿದೆ. ಪಟ್ಟಿ ಬೆಸೆದ ಜಾಗದಲ್ಲಿ ಒಳಗೆ ಎಷ್ಟು ತುಕ್ಕು ತಿಂದಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ನನ್ನ ಅಂಗಡಿಗೆ ತಂದರೂ ನಾನು ಹೊಡೆದು ನೋಡುವುದಿಲ್ಲ. ಎಣ್ಣೆ ಹಾಕಿ ಒರೆಸಿ ಬೀಗದೊಳಗೆ ಇಡಿ. ತೋಟಕ್ಕೆ ಬೇಕು ಅಂದರೆ ಎರಡನೇ ಕೋವಿಗೆ ಡಿಸಿ ಕಚೇರಿಯಲ್ಲಿ ಅರ್ಜಿ ಹಾಕಿ. ತಂದ 70ರ ತೋಟೆಗೆ ಬಿಲ್ ಇದೆ ತಾನೇ? ತಂದ ಅಂಗಡಿಯವರನ್ನೇ ವಾಪಸ್ ತಗೊಳ್ಳುತ್ತಾರಾ ಕೇಳಿ. ಕೋವಿಯ ಬಗ್ಗೆ ಒಂದು ಮಾತು ಕೇಳದೆ ಕೊಟ್ಟಿದ್ದಾರೆ ಅಂದರೆ ಅವರಿಗೂ ನಾನು ಹೇಳಿದ್ದನ್ನು ತೋರಿಸಿ.

ತೀರ್ಥಹಳ್ಳಿ: ಊದಿದ ತೋಟೆಯನ್ನು ಬಿಸಿಲಿಗೆ ಇಡಬಹುದಾ? ಅಟ್ಟ ಅಲ್ಲ, ಬಿಸಿಲು.

ಹಾಸನ ಶುಂಠಿ: ಡೀಲರ್ ಸರ್, ನನ್ನ ಕಾನೂನಿನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಡೀಲರ್: ವಕೀಲರನ್ನು ಕೇಳಿ. ಬಿಸಿಲೂ ಬೇಡ. ನಾನು ಅಂಗಡಿ ಲೆಕ್ಕ ಮುಗಿಸಬೇಕು, ಇನ್ನು ಸಾಕು.

ಶೃಂಗೇರಿ: ತಡವಾಗಿ ಸೇರಿದೆ, ಕ್ಷಮಿಸಿ. ಕೇಪಿನ ಕೋವಿಗೆ ಮದ್ದು ಯಾರು ಮಾರುತ್ತಾರೆ? ಮತ್ತೆ ಎಲ್‌ಜಿ

ಅಡ್ಮಿನ್: ಕಮೆಂಟ್ ನಿಲ್ಲಿಸಿದ್ದೇನೆ. ಬಾಳೆಹೊನ್ನೂರು, ವಿರಾಜಪೇಟೆ, ನೀವಿಬ್ಬರೂ ನನಗೆ ಖಾಸಗಿಯಾಗಿ ಕಳಿಸುತ್ತಿರುವುದನ್ನೂ ನಿಲ್ಲಿಸಿ.