ಅಪ್ಪಾಜಿ ಹಿಯರಿಂಗ್ ಏಡ್ ಟ್ಯೂನಿಂಗ್ ಸರಿ ಹೋಗ್ತಿಲ್ಲ, ಸಹಾಯ ಬೇಕು

ನಮಸ್ಕಾರ, ನಮ್ದು ದಾವಣಗೆರೆ. ಅಪ್ಪಾಜಿಗೆ ಎರಡೂ ಕಿವಿಗೆ ಮಷಿನ್ ಹಾಕ್ಸಿದೀವಿ, ಹೈ ಫ್ರೀಕ್ವೆನ್ಸಿ ಲಾಸ್ (ಕೀರಲು, ತೆಳು ಸದ್ದು ಕೇಳ್ಸದಿರೋದು) ಜಾಸ್ತಿ ಐತೆ. ಮನೇಲಿ ಒಬ್ರೇ ಮಾತಾಡಿದ್ರೆ ಪರವಾಗಿಲ್ಲ, ಬೆಣ್ಣೆ ದೋಸೆ ಹೋಟ್ಲಿಗೆ ಹೋದ್ರೆ ತಟ್ಟೆ ಲೋಟದ ಸದ್ದು ತಡ್ಕೊಳಾಕಾಗಲ್ಲ ಅಂತ ತೆಗ್ದು ಜೇಬಿಗೆ ಹಾಕ್ಕೊಂಡುಬಿಡ್ತಾರೆ. ಸೆಂಟರ್‌ನವ್ರು ಹೈ ಫ್ರೀಕ್ವೆನ್ಸಿ ಸೌಂಡ್ ಕಮ್ಮಿ ಮಾಡಿದ್ರು, ಈಗ ಸ, ಶ ಗೊತ್ತಾಗಲ್ಲ, ಜಾಸ್ತಿ ಮಾಡಿದ್ರೆ ಕುಂಯ್ ಅಂತ ಸೀಟಿ, ಅದಕ್ಕೆ ಕಿವಿ ಪೂರ್ತಿ ಮುಚ್ಚೋ ಡೋಮ್ (ಕಿವಿಯೊಳಗೆ ಕೂರೋ ಮೆತ್ತನೆ ತುದಿ) ಹಾಕಿದ್ರು, ಸೀಟಿ ನಿಂತ್ರೂ ತನ್ನ ದನಿನೇ ಕೊಡದೊಳಗೆ ಮಾತಾಡ್ದಂಗೆ ಅಂತಾರೆ. ಸೆಂಟರ್‌ನವ್ರು "ಹೆಂಗೈತೆ ಯಜಮಾನ್ರೆ" ಅಂತ ಕೇಳಿ ಕೇಳಿ ಸೆಟ್ ಮಾಡೋದು, ಅಪ್ಪಾಜಿ ಎಲ್ಲದಕ್ಕೂ "ಹ್ಞೂಂ ಚೆನ್ನಾಗೈತೆ" (ಅಲ್ಲಿ ಮಾತ್ರ!).

ಕಿವಿಯೊಳಗೆ ಸಣ್ಣ ಟ್ಯೂಬ್ ಇಟ್ಟು ಸೌಂಡ್ ಅಳೆದು ಸೆಟ್ ಮಾಡೋ ರಿಯಲ್ ಇಯರ್ ಮೆಷರ್‌ಮೆಂಟ್ ದಾವಣಗೆರೆ, ಚಿತ್ರದುರ್ಗ ಕಡೆ ಯಾರಾದ್ರೂ ಮಾಡ್ಸಿದೀರಾ, ಇಲ್ಲ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೇ ಕರ್ಕೊಂಡು ಹೋಗ್ಬೇಕಾ?